ಇಡೀ ಕಾಳಿನಿಂದ ಬೆಳಗಿನ ಬಿಸಿ ನುಚ್ಚಿನ ಗಂಜಿ

ಅಂಗಡಿಯ ಗೋಧಿ ನುಚ್ಚಿನ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಆದರೆ ಹುರಿದ ಕಾಳಿನ ಘಮ ಅದರಲ್ಲಿರುವುದಿಲ್ಲ. ಕಾಳು ತಂದು ಮನೆಯಲ್ಲೇ ಹುರಿದು ಒಡೆದರೆ ಆ ಘಮ ಸಿಗುತ್ತದೆ. ಒಂದೊಂದು ಕಾಳಿನ ಗಟ್ಟಿತನ ಒಂದೊಂದು ಥರ. ಹಾಗಾಗಿ ಹುರಿಯುವುದೂ ಒಡೆಯುವುದೂ ಬೇರೆ ಬೇರೆಯಾಗಿಯೇ ಆಗಬೇಕು. ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಸುರಿದರೆ ಬೇಳೆ ಹಿಟ್ಟಾಗುತ್ತದೆ, ಗೋಧಿ ಹಾಗೇ ಉಳಿಯುತ್ತದೆ.

ಗೋಧಿ 400 ಗ್ರಾಂ, ಬಿಳಿ ಜೋಳ 400 ಗ್ರಾಂ, ಹೆಸರುಬೇಳೆ 100 ಗ್ರಾಂ, ಜೀರಿಗೆ 1 ಚಮಚ. ಹಿಟ್ಟು ಜರಡಿಯಾದ ಮೇಲೆ 700 ಗ್ರಾಂ ಆಸುಪಾಸು ನುಚ್ಚು ಸಿಗುತ್ತದೆ, ಇಬ್ಬರಿಗೆ ಎಂಟೊಂಬತ್ತು ದಿನಕ್ಕೆ ಸಾಕು. ಗೋಧಿ ಒಗ್ಗದವರು ಅದರ ಬದಲು ಜೋಳವನ್ನೇ ಹೆಚ್ಚಿಸಬಹುದು.

ಕಾಳನ್ನು ಮೊರದಲ್ಲಿ ಕೇರಿ ಕಲ್ಲು, ಹೊಟ್ಟು ತೆಗೆಯಿರಿ. ತೊಳೆದರೆ ಬಿಸಿಲಲ್ಲಿ ಗರಿಗರಿಯಾಗುವವರೆಗೆ ಒಣಗಿಸಲೇಬೇಕು. ಅಷ್ಟು ಬಿಸಿಲಿಲ್ಲದಿದ್ದರೆ ತೊಳೆಯದೆ ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಸಾಕು. ಒಳಗೆ ತೇವ ಉಳಿದ ಕಾಳು ಒಡೆಯುವುದಿಲ್ಲ, ಜಾರಿನ ತಳಕ್ಕೆ ಮೆತ್ತಿಕೊಳ್ಳುತ್ತದೆ.

ದಪ್ಪ ತಳದ ಬಾಣಲೆಯಲ್ಲಿ ಒಂದು ಸಲಕ್ಕೆ 200 ಗ್ರಾಂ ಮಾತ್ರ ಹಾಕಿ, ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತ ಹುರಿಯಿರಿ. ಗೋಧಿ ಏಳೆಂಟು ನಿಮಿಷಕ್ಕೆ ಉಬ್ಬಿ ಚಟಪಟ ಎನ್ನುತ್ತದೆ. ಜೋಳದಲ್ಲಿ ಹತ್ತು ಹನ್ನೆರಡು ಕಾಳು ಅರಳಿದ ಕೂಡಲೇ ಇಳಿಸಿ. ಇನ್ನೂ ಕಾದರೆ ಅರಳು ಸಿಗುತ್ತದೆ, ನುಚ್ಚಲ್ಲ. ಹೆಸರುಬೇಳೆಗೆ ನಾಲ್ಕು ನಿಮಿಷ, ಜೀರಿಗೆಗೆ ಬಿಸಿ ತಗುಲಿದರೆ ಸಾಕು. ಕಪ್ಪಗೆ ಹುರಿದ ಕಾಳಿನ ಕಹಿಯನ್ನು ಎಷ್ಟು ಬೆಲ್ಲ ಹಾಕಿದರೂ ಮುಚ್ಚಲಾಗದು. ಆಮೇಲೆ ತಟ್ಟೆಯಲ್ಲಿ ಹರವಿ ಪೂರ್ತಿ ಆರಿಸಿ, ಬೆಚ್ಚಗಿರುವ ಕಾಳು ಜಾರಿನಲ್ಲಿ ಬೆವರುತ್ತದೆ.

ಒಣ ಜಾರಿಗೆ ಅರ್ಧದಷ್ಟೇ ತುಂಬಿ, ಮಿಕ್ಸಿಯನ್ನು ಎರಡೆರಡು ಸೆಕೆಂಡು ತಿರುಗಿಸಿ ನಿಲ್ಲಿಸುತ್ತ ಒಡೆಯಿರಿ. ಗೋಧಿಗೆ ಎಂಟು ಹತ್ತು ಸಲ, ಜೋಳಕ್ಕೆ ಐದಾರು, ಬೇಳೆಗೆ ಎರಡು ಮೂರು. ಜಾರನ್ನು ನಡುನಡುವೆ ಅಲುಗಾಡಿಸಿ. ಬಿಡದೆ ತಿರುಗಿಸಿದರೆ ತಳದಲ್ಲಿ ಹಿಟ್ಟು, ಮೇಲೆ ಇಡೀ ಕಾಳು. ಮೊದಲು ದೊಡ್ಡ ಕಣ್ಣಿನ ಜರಡಿಯಲ್ಲಿ ಒಡೆಯದವನ್ನು ಬೇರ್ಪಡಿಸಿ ಮತ್ತೆ ಮಿಕ್ಸಿಗೆ ಹಾಕಿ, ನಂತರ ಹಿಟ್ಟಿನ ಜರಡಿಯಲ್ಲಿ ಪುಡಿ ತೆಗೆಯಿರಿ. ದಪ್ಪ ರವೆಯಷ್ಟು ಗಾತ್ರ ಸರಿಯಾದದ್ದು. ಮೂರೂ ನುಚ್ಚನ್ನು ಹುರಿದ ಜೀರಿಗೆಯ ಜೊತೆ ಬೆರೆಸಿ. ಈ ಜರಡಿ ಹಂತವನ್ನು ಬಿಟ್ಟವರ ಗಂಜಿಯೇ ಗಂಟು ಕಟ್ಟುವುದು. ಉದುರಿದ ಹಿಟ್ಟು ದೋಸೆಗೋ ರೊಟ್ಟಿಗೋ ಆಗುತ್ತದೆ. ಹೆಚ್ಚು ಬೇಕಿದ್ದರೆ ಗಿರಣಿಯಲ್ಲಿ ನುಚ್ಚು ಒಡೆಸಬಹುದು. ಆದರೆ ನಿಮಗಿಂತ ಮುಂಚೆ ಯಾರಾದರೂ ಮೆಣಸಿನಕಾಯಿ ಬೀಸಿಸಿದ್ದಾರೆಯೇ ಎಂದು ವಿಚಾರಿಸಿ!

ಇಬ್ಬರಿಗೆ ಅರ್ಧ ಲೋಟ ನುಚ್ಚನ್ನು ರಾತ್ರಿಯೇ ಒಂದು ಲೋಟ ನೀರಿನಲ್ಲಿ ನೆನೆಸಿಡಿ. ಬೆಳಗ್ಗೆ ಎರಡು ಲೋಟ ನೀರು ಕುದಿಸಿ, ಕಾಲು ಚಮಚ ಉಪ್ಪು ಹಾಕಿ, ನೆನೆದ ನುಚ್ಚನ್ನು ಆ ನೀರಿನ ಸಮೇತ ಸುರಿಯಿರಿ. ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಲಿ, ಆಗಾಗ ತಳ ಕೆದಕುತ್ತಿರಿ. ನೆನೆಸದಿದ್ದರೆ 40 ನಿಮಿಷವಾದರೂ ಬೇಕು. ಒಂದು ಚೂರನ್ನು ಹಿಸುಕಿ ನೋಡಿ, ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೆಂದಿಲ್ಲ. ಕುಕ್ಕರಿನಲ್ಲಾದರೆ ಒಟ್ಟು ಎರಡೂವರೆ ಲೋಟ ನೀರು, ನಾಲ್ಕು ಸೀಟಿ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ನೊರೆ ಉಕ್ಕದಿರಲು ಅರ್ಧ ಚಮಚ ತುಪ್ಪ ಬಿಡಿ.

ಹಾಲು ಹಾಕುವುದಿದ್ದರೆ ನುಚ್ಚು ಬೆಂದ ಮೇಲೆ. ಹಾಲಲ್ಲೇ ಬೇಯಿಸಹೊರಟರೆ ತಳ ಹಿಡಿಯುತ್ತದೆ. ಬೆಲ್ಲವನ್ನು ಒಲೆ ಆರಿಸಿ ಎರಡು ನಿಮಿಷ ಬಿಟ್ಟು ಬೆರೆಸಿ, ಕುದಿಯುವ ಹಾಲು ಬೆಲ್ಲ ಸೇರಿದರೆ ಒಡೆಯುತ್ತದೆ. ಉಪ್ಪಿನ ಗಂಜಿಗೆ ಮಜ್ಜಿಗೆ, ಜೊತೆಗೆ ಉಪ್ಪಿನಕಾಯಿ ಇದ್ದರೆ ಬೇರೇನೂ ಬೇಡ. ಮಜ್ಜಿಗೆಯನ್ನೂ ಗಂಜಿ ಬೆಚ್ಚಗಾದ ಮೇಲೆಯೇ ಸುರಿಯಿರಿ. ಆರುತ್ತಾ ಗಂಜಿ ಗಟ್ಟಿಯಾಗುವುದು ಸಹಜ, ಬಿಸಿನೀರು ಹಾಕಿ ಕಲಸಿದರೆ ಸಡಿಲವಾಗುತ್ತದೆ.

ನುಚ್ಚನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಹೊರಗೆ ಮೂರು ನಾಲ್ಕು ವಾರ ಕೆಡುವುದಿಲ್ಲ. ಸಜ್ಜೆ ಸೇರಿಸುವ ಆಸೆಯಿದ್ದರೆ ಅದನ್ನು ವಾರಕ್ಕಾಗುವಷ್ಟೇ ಒಡೆದು ಫ್ರಿಜ್ಜಿನಲ್ಲಿಡಿ. ಅದರಲ್ಲಿ ಎಣ್ಣೆಯಂಶ ಜಾಸ್ತಿ, ಒಡೆದ ಮೇಲೆ ಬೇಗ ಕಮಟು ಹಿಡಿಯುತ್ತದೆ.