ಗಾಯಕನ ಹಿಂದೆ ಕುಳಿತು ಪೆಡಲ್ ಸ್ಟೀಲ್ ಗಿಟಾರ್ ನುಡಿಸುವ ಬಗೆ

ಅಮೆರಿಕದ ಹಳ್ಳಿಗಾಡಿನ ಹಾಡುಗಳಾದ ಹಳೆಯ ಕಂಟ್ರಿ ಹಾಡುಗಳಲ್ಲಿ ಗಾಯಕ ಒಂದು ಸಾಲನ್ನು ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ, ಅವನು ಹೇಳದೆ ಬಿಟ್ಟದ್ದನ್ನು ತಾನು ಹೇಳುವಂತೆ ಒಂದು ನಾದ ಜಾರುತ್ತ ಬಂದು ಸೇರಿಕೊಳ್ಳುತ್ತದೆ. ಅದು ಸ್ಟೀಲ್ ಗಿಟಾರಿನ ನಾದ. ಮಲಗಿಸಿಟ್ಟ ತಂತಿಗಳ ಮೇಲೆ ಬಾರ್ ಎಂಬ ಲೋಹದ ತುಂಡನ್ನು ಜಾರಿಸಿ ಇದನ್ನು ನುಡಿಸುತ್ತಾರೆ, ಪೆಡಲ್ ಸ್ಟೀಲಿನಲ್ಲಿ ತಂತಿಗಳ ಸ್ವರವನ್ನು ಬದಲಿಸಲು ಕಾಲಿನ ಪೆಡಲುಗಳೂ ಇರುತ್ತವೆ. ಈ ವಾದ್ಯವನ್ನು ಕಲಿಯಲು ಹೊರಟ ಬಹುಪಾಲು ಜನ ಮೊದಲ ದಿನವೇ ಪೆಡಲಿನ ಮೇಲೆ ಕಾಲಿಡುತ್ತಾರೆ. ನಾನೂ ಹಾಗೆಯೇ ಆರಂಭಿಸಿ ಕೆಲವು ತಿಂಗಳುಗಳನ್ನು ಕಳೆದುಕೊಂಡೆ. ಎರಡು ಕೈಗಳೂ ಹದಕ್ಕೆ ಬರುವವರೆಗೆ ಕಾಲನ್ನು ದೂರವಿಡಬೇಕೆಂಬುದು ಅದರಿಂದ ನಾನು ಕಲಿತ ಪಾಠ.

ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ಗಿಟಾರ್ ನುಡಿಸುವ ಕ್ರಮ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ರೂಪುಗೊಂಡಿತು. ಅದನ್ನು ರೂಢಿಗೆ ತಂದ ಕೀರ್ತಿ ಜೋಸೆಫ್ ಕೆಕುಕು ಅವರಿಗೆ ಸಲ್ಲುತ್ತದೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ನಂತರ ಹವಾಯಿ ಸಂಗೀತ ಅಮೆರಿಕದ ಉದ್ದಗಲಕ್ಕೂ ಹರಡಿ, ದಕ್ಷಿಣದ ಹಳ್ಳಿಗಾಡಿನ ವಾದ್ಯಗೋಷ್ಠಿಗಳನ್ನೂ ಮುಟ್ಟಿತು. ನಮ್ಮಲ್ಲಿ ಚಿತ್ರಗೀತೆಗಳ ಧಾಟಿಯನ್ನು ನುಡಿಸುತ್ತಿದ್ದ ಹವಾಯಿಯನ್ ಗಿಟಾರ್ ಇದೇ ಮನೆತನದ ಇನ್ನೊಂದು ಕವಲು. ಗೋಟುವಾದ್ಯವನ್ನು ಕೇಳಿ ಬೆಳೆದ ಕಿವಿಗೆ ಈ ಜಾರು ಹೊಸದೆನಿಸುವುದಿಲ್ಲ.

ಬಾರ್ ಎಂದರೆ 200 ಗ್ರಾಂ ಮೀರಿದ ತೂಕದ, ನುಣುಪಾದ ಉಕ್ಕಿನ ದುಂಡನೆಯ ತುಂಡು. ಅದನ್ನು ಹೆಬ್ಬೆರಳು ಮತ್ತು ಮಧ್ಯದ ಬೆರಳಿನ ನಡುವೆ ಹಗುರವಾಗಿ ಹಿಡಿದು, ತೋರುಬೆರಳನ್ನು ಅದರ ಬೆನ್ನಿನ ಮೇಲೆ ಚಾಚಬೇಕು. ಉಳಿದ ಎರಡು ಬೆರಳುಗಳು ಬಾರಿನ ಹಿಂದೆ ತಂತಿಗಳ ಮೇಲೆ ಚಪ್ಪಟೆಯಾಗಿ ಮಲಗಿರಬೇಕು, ಇಲ್ಲವಾದರೆ ಬಾರಿನ ಆಚೆ ಬದಿಯ ತಂತಿಯೂ ಕಂಪಿಸಿ ಗದ್ದಲವೆಬ್ಬಿಸುತ್ತದೆ. ಬಾರನ್ನು ಒತ್ತುವ ಅಗತ್ಯವಿಲ್ಲ, ಅದರ ಭಾರವೇ ಸಾಕು. ಸಾಮಾನ್ಯ ಗಿಟಾರಿನಲ್ಲಿ ಬೆರಳು ಫ್ರೆಟ್ಟಿನ, ಅಂದರೆ ಸ್ವರಸ್ಥಾನದ ಮೆಟ್ಟಿಲಿನ, ಹಿಂದೆ ಬೀಳುತ್ತದೆ. ಇಲ್ಲಿ ಫ್ರೆಟ್ ಎಂಬುದು ಬರಿಯ ಗೆರೆಯಾದ್ದರಿಂದ ಬಾರು ಸರಿಯಾಗಿ ಗೆರೆಯ ನೆತ್ತಿಯ ಮೇಲೆ ನಿಲ್ಲಬೇಕು, ಕೂದಲೆಳೆಯಷ್ಟು ಸರಿದರೂ ಅಪಶ್ರುತಿ ಕೇಳಿಸುತ್ತದೆ. ಕಣ್ಣನ್ನು ಪೂರ್ತಿ ನಂಬುವಂತಿಲ್ಲ, ಏಕೆಂದರೆ ಕುಳಿತ ಜಾಗದಿಂದ ದೂರದ ಗೆರೆಗಳು ಓರೆಯಾಗಿ ಕಾಣುತ್ತವೆ. ನಾನು ಕಂಡುಕೊಂಡ ಉತ್ತಮ ಉಪಾಯವೆಂದರೆ ನಮ್ಮ ಶ್ರುತಿಪೆಟ್ಟಿಗೆ. ಅದನ್ನು ಜಿ ಶ್ರುತಿಗೆ ಇಟ್ಟು, ನಾಲ್ಕನೆಯ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಮೀಟಿದರೆ ಷಡ್ಜ ದೊರೆಯುತ್ತದೆ. ಅಲ್ಲಿಂದ ಐದು, ಏಳು, ಎಂಟು, ಹತ್ತನೆಯ ಫ್ರೆಟ್ಟುಗಳಿಗೆ ನಿಧಾನವಾಗಿ ಸರಿಯುತ್ತ ಪಂಚಮದವರೆಗೆ ಹೋಗಿ, ಪ್ರತಿ ಸ್ವರವೂ ಶ್ರುತಿಯಲ್ಲಿ ಕರಗುವವರೆಗೆ ಕಾಯಬೇಕು. ನಿಂತ ಸ್ವರಕ್ಕೆ ಜೀವ ಬರಿಸಲು ಬಾರನ್ನು ಗೆರೆಯ ಆಚೀಚೆ ಸ್ವಲ್ಪವೇ ಉರುಳಿಸಿದರೆ ಸಾಕು.

ಇನ್ನು ಬಲಗೈಯ ವಿಷಯ. ಹೆಬ್ಬೆರಳಿಗೊಂದು, ಮುಂದಿನ ಎರಡು ಬೆರಳುಗಳಿಗೆ ಒಂದೊಂದು ಪಿಕ್ ಧರಿಸಿ ಮೀಟುವುದನ್ನು ಯಾರಾದರೂ ವಾರದಲ್ಲಿ ಕಲಿಯಬಹುದು. ಮೀಟಿದ ತಂತಿಯನ್ನು ಸುಮ್ಮನಾಗಿಸುವುದನ್ನು ಕಲಿಯಲು ವರ್ಷಗಳು ಬೇಕು. ಇದಕ್ಕೆ ವಾದಕರು ಬ್ಲಾಕಿಂಗ್ ಎನ್ನುತ್ತಾರೆ. ಮೂರನೆಯ ಫ್ರೆಟ್ಟಿನಲ್ಲಿ ಮೀಟಿ, ಕಿರುಬೆರಳಿನ ಬದಿಯ ಅಂಗೈ ಅಂಚನ್ನು ತಂತಿಗಳ ಮೇಲೆ ಮೃದುವಾಗಿ ಇಳಿಸಿ, ಆ ಮೌನದಲ್ಲೇ ಬಾರನ್ನು ಐದನೆಯ ಫ್ರೆಟ್ಟಿಗೆ ಒಯ್ದು, ಕೈಯನ್ನು ಎತ್ತುತ್ತಲೇ ಮತ್ತೆ ಮೀಟಬೇಕು. ಸರಿಯಾಗಿ ಮಾಡಿದಾಗ ಎರಡು ಬಿಡಿ ಸ್ವರಗಳು ಕೇಳುತ್ತವೆ, ತಪ್ಪಿದಾಗ ಬೇಡದ ಜಾರೊಂದು ನಡುವೆ ಎಳೆಯುತ್ತದೆ. ಎಲ್ಲ ಸ್ವರಗಳೂ ಜಾರಿದರೆ ಜಾರಿಗೆ ಬೆಲೆಯೇ ಉಳಿಯುವುದಿಲ್ಲ. ಲಯ ಎಣಿಸುವ ಮೆಟ್ರೊನೋಮ್ ಇಟ್ಟುಕೊಂಡು, ಅವಸರವಿಲ್ಲದೆ, ದಿನಕ್ಕೆ 15 ನಿಮಿಷ ಇದೊಂದನ್ನೇ ಅಭ್ಯಾಸ ಮಾಡುವುದು ಒಳ್ಳೆಯದು. ಅಂಗೈಯ ಬದಲು ಪಿಕ್ಕನ್ನೇ ತಂತಿಗೆ ಹಿಂತಿರುಗಿಸಿ ನಾದವನ್ನು ನಿಲ್ಲಿಸುವ ಕ್ರಮವೂ ಇದೆ. ವೇಗದ ಹಾಡುಗಳಿಗೆ ಅದು ಅನುಕೂಲ.

ಈಗ ಕಾಲಿನ ಸರದಿ. ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನಲ್ಲಿ ನೆಲೆನಿಂತ ಇ9 ಎಂಬ ಶ್ರುತಿಕ್ರಮದ ವಾದ್ಯಕ್ಕೆ ಹತ್ತು ತಂತಿಗಳು. ಎಡಗಾಲಿನ ಎ ಪೆಡಲ್ ಐದು ಮತ್ತು ಹತ್ತನೆಯ ತಂತಿಗಳನ್ನು ಒಂದು ಪೂರ್ಣ ಸ್ವರದಷ್ಟು, ಬಿ ಪೆಡಲ್ ಮೂರು ಮತ್ತು ಆರನೆಯ ತಂತಿಗಳನ್ನು ಅರ್ಧ ಸ್ವರದಷ್ಟು ಏರಿಸುತ್ತವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮೊದಲನೆಯದು ಪಂಚಮವನ್ನು ಚತುಶ್ರುತಿ ಧೈವತಕ್ಕೆ, ಎರಡನೆಯದು ಅಂತರ ಗಾಂಧಾರವನ್ನು ಶುದ್ಧ ಮಧ್ಯಮಕ್ಕೆ ಒಯ್ಯುತ್ತದೆ, ಷಡ್ಜದ ತಂತಿ ಮಾತ್ರ ಅಲುಗದೆ ನಿಂತಿರುತ್ತದೆ. ಒಂದು ತಂತಿ ನಿಂತಿರುವಾಗಲೇ ಪಕ್ಕದ ತಂತಿ ಏರಿ ಅದನ್ನು ಬೇರೊಂದು ಸಂವಾದಕ್ಕೆ ಕರೆದೊಯ್ಯುವ ಈ ಚಲನೆಯೇ ಪೆಡಲ್ ಸ್ಟೀಲಿನ ಅಳುವ ದನಿ. ಈ ಚಲನೆ ರೂಢಿಗೆ ಬರುವ ಮೊದಲೂ ಪೆಡಲುಗಳಿದ್ದವು. ಆದರೆ ಅವು ಹೆಚ್ಚಾಗಿ ಒಂದು ಶ್ರುತಿಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಲು ಬಳಕೆಯಾಗುತ್ತಿದ್ದವು. 1954ರಲ್ಲಿ ಜನಪ್ರಿಯವಾದ, ಗಾಯಕ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಹಾಡಿನಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ತಂತಿ ನುಡಿಯುತ್ತಿರುವಾಗಲೇ ಪೆಡಲನ್ನು ಒತ್ತಿದರು. ಅದನ್ನು ಕೇಳಿದ ಅನೇಕ ಸ್ಟೀಲ್ ವಾದಕರು ತಮ್ಮ ವಾದ್ಯಗಳಿಗೂ ಪೆಡಲು ಜೋಡಿಸಿಕೊಳ್ಳಲು ತೊಡಗಿದರು.

ಮೂರನೆಯ ಫ್ರೆಟ್ಟಿನಲ್ಲಿ ಮೂರು, ನಾಲ್ಕು, ಐದನೆಯ ತಂತಿಗಳನ್ನು ಒಟ್ಟಿಗೆ ಮೀಟಿದರೆ ಜಿ ಮೇಜರ್ ಎಂಬ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ. ಬಾರನ್ನು ಕದಲಿಸದೆ ಎರಡೂ ಪೆಡಲುಗಳನ್ನು ಒತ್ತಿದರೆ ಸಿ ಮೇಜರ್. ಒತ್ತಿದಂತೆಯೇ ಎರಡು ಫ್ರೆಟ್ ಮೇಲಕ್ಕೆ ಸರಿದರೆ ಡಿ ಮೇಜರ್. ನೂರಾರು ಹಳೆಯ ಹಾಡುಗಳಿಗೆ ಇಷ್ಟೇ ಸಾಕು. ಪೆಡಲನ್ನು ತುಳಿಯಬಾರದು, ಪಾದದ ಕೀಲನ್ನು ಹೊರಳಿಸುತ್ತ ಹಿಂಡುವಂತೆ ಒತ್ತಬೇಕು, ಮತ್ತು ಸ್ವರ ತನ್ನ ಗುರಿಯನ್ನು ಸರಿಯಾಗಿ ತಾಳದ ಪೆಟ್ಟಿಗೆ ಮುಟ್ಟಬೇಕು. ಮೊದಲೆರಡು ತಂತಿಗಳು ಮೂರನೆಯದಕ್ಕಿಂತ ಕೆಳಗಿನ ಸ್ವರದಲ್ಲಿರುವುದು ಹೊಸಬರನ್ನು ಗೊಂದಲಗೊಳಿಸುತ್ತದೆ. 1960ರ ದಶಕದ ಆರಂಭದಲ್ಲಿ ಸ್ಟೀಲ್ ವಾದಕ ಬಡ್ಡಿ ಎಮನ್ಸ್ ಬಾರನ್ನು ಸರಿಸದೆಯೇ ಸ್ವರಸಾಲುಗಳನ್ನು ನುಡಿಸಲೆಂದು ಇವನ್ನು ಸೇರಿಸಿದರು. ಆರಂಭದಲ್ಲಿ ಅವುಗಳ ಗೊಡವೆ ಬೇಡ.

ಬಲಗಾಲಿನ ಕೆಳಗಿರುವ ವಾಲ್ಯೂಮ್ ಪೆಡಲನ್ನು ಅರ್ಧಕ್ಕೆ ಇಟ್ಟು ಮೀಟಿ, ನಾದ ಕ್ಷೀಣಿಸುತ್ತಿದ್ದಂತೆ ಮೆಲ್ಲನೆ ಒತ್ತುತ್ತ ಅದನ್ನು ಕಾಪಾಡಿಕೊಳ್ಳಬೇಕು. ಪ್ರತಿ ಸ್ವರಕ್ಕೂ ಪಂಪು ಹೊಡೆದಂತೆ ಒತ್ತುವುದು ಕೆಟ್ಟ ಅಭ್ಯಾಸ.

ಇಷ್ಟು ಕೈಗೂಡಿದ ಮೇಲೆ ಹಳೆಯ ತಂಡಗಳ ಧ್ವನಿಮುದ್ರಿಕೆಗಳೇ ಗುರು. ಮೊದಲು ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಅವರ ಡ್ರಿಫ್ಟಿಂಗ್ ಕೌಬಾಯ್ಸ್ ತಂಡದ ಡಾನ್ ಹೆಲ್ಮ್ಸ್ ಅವರನ್ನು ಕೇಳಬೇಕು. ಅವರ ವಾದ್ಯಕ್ಕೆ ಪೆಡಲೇ ಇರಲಿಲ್ಲ. ಮೇಲಿನ ಸ್ಥಾಯಿಯಲ್ಲಿ, ಎರಡು ತಂತಿಗಳ ಮೇಲೆ, ನಾಲ್ಕೈದು ಸ್ವರಗಳಲ್ಲಿ ಅವರು ಮಾತು ಮುಗಿಸುತ್ತಾರೆ. ಆ ತೀಕ್ಷ್ಣ ನಾದ ಗಾಯಕನ ಕಂಠದ ನೆಲೆಗಿಂತ ಮೇಲೆ ಇರುವುದರಿಂದ ಎರಡೂ ಒಂದನ್ನೊಂದು ತಳ್ಳುವುದಿಲ್ಲ. ಅನಂತರ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಕಡೆಗೆ ಬಂದು, ಗಾಯಕ ಬಕ್ ಓವೆನ್ಸ್ ಅವರ ಬಕರೂಸ್ ತಂಡದಲ್ಲಿ ಟಾಮ್ ಬ್ರಮ್ಲಿ 1964ರಲ್ಲಿ ನುಡಿಸಿದ ‘ಟುಗೆದರ್ ಎಗೇನ್’ ಕೇಳಬೇಕು. ಆ ಒಂದು ಸೋಲೊದಲ್ಲಿ ಪೆಡಲಿನ ಏರಿಳಿತಕ್ಕೆ ಎಷ್ಟು ಕಾಲಾವಕಾಶ ಬೇಕೆಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ಇಂಥ ಒಂದು ಹಾಡನ್ನು ಹಾಕಿಕೊಂಡು, ಮೊದಲ ಸಲ ವಾದ್ಯವನ್ನು ಮುಟ್ಟದೆ ಸಾಲುಗಳ ನಡುವಿನ ಬಿಡುವುಗಳನ್ನು ಮಾತ್ರ ಎಣಿಸಬೇಕು. ಎರಡನೆಯ ಸಲ, ಗಾಯಕ ಹಾಡುವಾಗ ಬಲಗೈಯನ್ನು ತಂತಿಗಳ ಮೇಲೆ ಮಲಗಿಸಿಟ್ಟು, ಬಿಡುವಿನಲ್ಲಿ ಎರಡೇ ತಂತಿಗಳನ್ನು ಮೀಟಿ, ಅವನು ಮುಂದಿನ ಪದವನ್ನೆತ್ತುವ ಮೊದಲೇ ನಿಲ್ಲಿಸಬೇಕು. ಹಳೆಯ ತಂಡಗಳಲ್ಲಿ ಪಿಟೀಲಿನವರು ಒಂದು ಚರಣದ ಬಿಡುವುಗಳನ್ನು ತುಂಬಿದರೆ ಸ್ಟೀಲಿನವರು ಇನ್ನೊಂದರದನ್ನು ತುಂಬುತ್ತಿದ್ದರು, ಆದ್ದರಿಂದ ಒಂದು ಚರಣವನ್ನು ಪೂರ್ತಿ ಬಿಟ್ಟುಕೊಡುವುದನ್ನೂ ಅಭ್ಯಾಸ ಮಾಡಬೇಕು. ಹಾಡು ಮುಗಿಯುವಾಗ ಎರಡೂ ಪೆಡಲುಗಳನ್ನು ಒತ್ತಿಕೊಂಡೇ ಮೂರು ತಂತಿಗಳನ್ನು ಮೀಟಿ, ಎಡಪಾದವನ್ನು ನಿಧಾನವಾಗಿ ಎತ್ತುತ್ತ ಧೈವತವನ್ನು ಪಂಚಮಕ್ಕೂ ಮಧ್ಯಮವನ್ನು ಗಾಂಧಾರಕ್ಕೂ ಇಳಿಸಿ, ಬಲಗಾಲಿನಿಂದ ನಾದವನ್ನು ಕೊನೆಯವರೆಗೆ ಹಿಡಿದಿಟ್ಟು, ಅದು ತಾನಾಗಿ ಆರಿದ ಮೇಲೆಯೇ ಅಂಗೈಯನ್ನು ತಂತಿಗಳ ಮೇಲೆ ಇಳಿಸಬೇಕು.