ಕುಡುಕನ ಮೂಕಿ ಚಿತ್ರಕ್ಕೆ ಕಾಲುಪೇಟಿ

ಮೂಕಿ ಚಿತ್ರ ಓಡುವಾಗ ಜೊತೆಗೆ ನುಡಿಸಲು ಪೈಪ್ ಆರ್ಗನ್ ಬೇಕು ಅಂತಾರೆ, ಅದನ್ನು ನಮ್ಮ ಕಡೆ ಎಲ್ಲಿಂದ ತರೋದು? ಕಂಪನಿ ನಾಟಕದ ಕಾಲುಪೇಟಿ, ಅಂದರೆ ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ ಸಾಕು. ತಿದಿಯನ್ನು ಕಾಲು ನೋಡಿಕೊಳ್ಳುವುದರಿಂದ ಎರಡೂ ಕೈ ಬಿಡುವಾಗಿರುತ್ತವೆ. ಬೆಳಗಾವಿಯಲ್ಲಿ ನಾನು ನುಡಿಸಿದ್ದು ಅಮೆರಿಕದ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ 1909ರಲ್ಲಿ ತೆಗೆದ ‘ಎ ಡ್ರಂಕರ್ಡ್ಸ್ ರಿಫಾರ್ಮೇಶನ್’ಗೆ. ಕುಡುಕ ಅಪ್ಪ ಮಗಳ ಜೊತೆ ನಾಟಕಕ್ಕೆ ಹೋಗುತ್ತಾನೆ. ರಂಗದ ಮೇಲೆ ತನ್ನದೇ ಅವಸ್ಥೆ ಕಂಡು ಕುಡಿತ ಬಿಡುತ್ತಾನೆ. ಪೇಟಿಗೆ ಹೇಳಿ ಮಾಡಿಸಿದಂಥ ಕಥೆ.

ಮೊದಲು ಚಿತ್ರದ ಓಟದ ವೇಗ ನೋಡಬೇಕು. 35 ಮಿ.ಮೀ. ಫಿಲ್ಮಿನ ಒಂದು ಅಡಿಗೆ 16 ಚೌಕಟ್ಟು (ಫ್ರೇಮ್). ಸಾವಿರ ಅಡಿಯ ಸುರುಳಿ ಸೆಕೆಂಡಿಗೆ 16ರಂತೆ ಓಡಿದರೆ 16 ನಿಮಿಷ 40 ಸೆಕೆಂಡು, 24ರಂತೆ ಓಡಿದರೆ ಹನ್ನೊಂದೇ ನಿಮಿಷ. ಹಾಗಾಗಿ ಪ್ರದರ್ಶನದಂದು ಹಾಕುವ ಪ್ರತಿಯನ್ನೇ ತರಿಸಿಕೊಂಡು ತಾಲೀಮು ಮಾಡಬೇಕು. ಎಲ್ಲಿ ಏನು ನುಡಿಸಬೇಕೆಂದು ಗುರುತು ಹಾಕಿಕೊಳ್ಳುವ ಚೀಟಿಯಲ್ಲಿ ನಿಮಿಷ ಬರೆಯದೆ ‘ಬಾಗಿಲು ತೆರೆದಾಗ’, ‘ಪರದೆ ಎದ್ದಾಗ’ ಎಂದು ಬರೆಯಿರಿ.

ಕುಡಿತದ ಚಡಪಡಿಕೆಗೆ ನಾನು ಹಿಡಿದದ್ದು ಹಿಂದೂಸ್ತಾನಿಯ ಮಾರವಾ ರಾಗ. ಅದರಲ್ಲಿ ಪಂಚಮವಿಲ್ಲ, ಆಧಾರ ಸ್ವರವಾದ ಷಡ್ಜಕ್ಕೆ ಬಂದು ಕೂರುವುದನ್ನೂ ಆದಷ್ಟು ಮುಂದೂಡುತ್ತಾರೆ. ಎಡಗೈ ಸದಾ ಷಡ್ಜ ಹಿಡಿದರೆ ಆ ಚಡಪಡಿಕೆ ಸತ್ತುಹೋಗುತ್ತದೆ, ಅದಕ್ಕೆ ಮಂದ್ರದ ಧೈವತ ಹಿಡಿಯುತ್ತೇನೆ. ಆದರೆ ಬಹಳ ಹೊತ್ತು ಹಿಡಿದರೆ ಕಿವಿ ಅದನ್ನೇ ಷಡ್ಜ ಅಂದುಕೊಂಡು ರಾಗವೇ ಬೇರೆಯಾಗುತ್ತದೆ. ಆರಂಭದಲ್ಲೊಮ್ಮೆ ಷಡ್ಜ ಸ್ಪಷ್ಟವಾಗಿ ಕೇಳಿಸಿ, ಆಮೇಲೆ ಆಗೀಗ ಮುಟ್ಟಿ ಬಿಡಬೇಕು. ತೂರಾಡುವಾಗ ಬೆರಳನ್ನು ಸರ್ರನೆ ಮೇಲೆ ಕೆಳಗೆ ಓಡಿಸುವ ಆಸೆ ಹುಟ್ಟುತ್ತದೆ. ಓಡಿಸಿದರೆ ಜನ ನಗುತ್ತಾರೆ, ಚಿತ್ರ ಅಲ್ಲಿಗೆ ಮುಗಿಯಿತು.

ಕಷ್ಟವಿರುವುದು ನಾಟಕದ ಭಾಗದಲ್ಲಿ. ರಂಗ, ಅಪ್ಪನ ಮುಖ, ಮತ್ತೆ ರಂಗ ಎಂದು ದೃಶ್ಯ ಅದಲುಬದಲಾಗುತ್ತಲೇ ಇರುತ್ತದೆ. ಪ್ರತಿ ಸಲವೂ ರಾಗ ಬದಲಿಸಹೋದರೆ ಕಲಸುಮೇಲೋಗರ. ರಂಗಕ್ಕೆ ನಾಟಕದ ಮಟ್ಟು ನಡೆಸಿ, ಅಪ್ಪನ ಮುಖ ಬಂದಾಗ ಬಲಗೈ ಎತ್ತಿಬಿಡುತ್ತೇನೆ, ಎಡಗೈ ಹಿಡಿದ ಸುರವೊಂದೇ ಉಳಿಯುತ್ತದೆ. ಅಷ್ಟೇ ಸಾಕು, ನೋಡುವವರು ಅವನ ಕಣ್ಣಿಗೆ ಅಂಟಿಕೊಳ್ಳುತ್ತಾರೆ.

ಕೊನೆಗೆ ಮನೆಯವರು ಬೆಂಕಿಯ ಮುಂದೆ ಕೂರುತ್ತಾರೆ. ಅಲ್ಲಿಗೆ ಭೂಪ ರಾಗ. ಮಾರವಾಕ್ಕೂ ಭೂಪಕ್ಕೂ ಷಡ್ಜ ಬಿಟ್ಟರೆ ಗಾಂಧಾರ, ಧೈವತಗಳೇ ಸಮಾನ. ಅವೆರಡರ ಮೇಲೆ ನಿಂತು, ಶುದ್ಧ ರಿಷಭ ಮುಟ್ಟಿ, ಎಡಗೈಯಲ್ಲಿ ಷಡ್ಜ-ಪಂಚಮ ಒತ್ತಿದರೆ ಗಂಟು ಕಾಣದೆ ದಾಟುತ್ತದೆ.

ಇನ್ನು ಪೇಟಿಯ ಕಾಟ. ಇಲ್ಲಿನ ಮಳೆಗಾಲಕ್ಕೆ ಕಟ್ಟಿಗೆ ಉಬ್ಬಿ ಮನೆಗಳು (ಬೆರಳಿನಿಂದ ಒತ್ತುವ ಪಟ್ಟಿಗಳು) ಒತ್ತಿದಲ್ಲೇ ಕೂರುತ್ತವೆ; ಹಿಂದಿನ ರಾತ್ರಿ ಪೆಟ್ಟಿಗೆಯೊಳಗೆ ಚಿಕ್ಕ ಬಲ್ಬು ಉರಿಸಿಡಿ, ಕಟ್ಟಿಗೆಗೆ ತಾಗದಂತೆ. ಸುರ ಗೊರಗುಟ್ಟಿದರೆ ರೀಡಿನಲ್ಲಿ (ಗಾಳಿಗೆ ಅದುರಿ ದನಿ ಕೊಡುವ ಲೋಹದ ಪಟ್ಟಿ) ಧೂಳು ಸಿಕ್ಕಿದೆ ಎಂದರ್ಥ. ತೆಳು ಕಾಗದವನ್ನು ರೀಡಿನ ನಾಲಗೆಯ ಕೆಳಗೆ ಮೆಲ್ಲಗೆ ಎಳೆಯಿರಿ; ನಾಲಗೆ ಮೇಲೆತ್ತಿದರೆ ಶ್ರುತಿ ಕೆಡುತ್ತದೆ. ಮೂಕಿ ಚಿತ್ರದಲ್ಲಿ ಕಾಲುಹಲಗೆಯ ಕಿರಗುಟ್ಟು ಕೊನೆಯ ಸಾಲಿಗೂ ಕೇಳುತ್ತದೆ, ಅದರ ಕೀಲುಗಳಿಗೆ ಮೇಣ ಹಚ್ಚಿ. ಮೈಕು ರೀಡಿನ ಕಡೆ ಇರಲಿ, ಕಾಲಿನ ಕಡೆ ಬೇಡ. ಮನೆ ಕಾಣಲು ಸಣ್ಣ ಕೆಂಪು ದೀಪ ಸಾಕು, ಬೆಳಕು ಪರದೆಗೆ ಬೀಳಬಾರದು.