ಎಂಟು ಚಿಪ್ಪಿನ ಸ್ಟಿಕ್ಕು, ಹದಿನಾರು ಚಿಪ್ಪಿನ ಸ್ಟಿಕ್ಕು

ಧಾರವಾಡದ ಸಪ್ತಾಪುರದ ನಮ್ಮ ಮನೆಯ ಕಂಪ್ಯೂಟರ್ 2010ರದು. ಹುಬ್ಬಳ್ಳಿಯಿಂದ ಬಿಡಿಭಾಗ ತಂದು ಜೋಡಿಸಿದ್ದು: ಮೆಮೊರಿ ಸಂಭಾಳಿಸುವ ಇಂಟೆಲ್ ಜಿ41 ಚಿಪ್‌ಸೆಟ್ಟಿನ ಬೋರ್ಡು, ಕೋರ್ 2 ಡ್ಯುಯೋ ಇ7500 ಪ್ರೊಸೆಸರ್, 1 ಜಿಬಿಯ ಎರಡು ಡಿಡಿಆರ್3 ಸ್ಟಿಕ್ಕು, ಅಂದರೆ ರ‍್ಯಾಮ್ ಮೆಮೊರಿಯ ಪಟ್ಟಿ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಟೈಪು ಮಾಡಿ ನಾಲ್ಕು ಕಾಸು ಗಳಿಸಿದ ಯಂತ್ರ ಅದು. ಹಳೆಯ ಫೈಲುಗಳೆಲ್ಲ ಅದರಲ್ಲೇ ಇರುವುದರಿಂದ ಗುಜರಿಗೆ ಹಾಕುವ ಮಾತೇ ಇರಲಿಲ್ಲ. ಆದರೆ ಬ್ರೌಸರಿನಲ್ಲಿ ಮೂರು ಟ್ಯಾಬ್ ತೆರೆದರೆ ಸಾಕು, ಹಾರ್ಡ್ ಡಿಸ್ಕಿನ ಕೆಂಪು ದೀಪ ಹತ್ತಿದ್ದು ಆರುತ್ತಿರಲಿಲ್ಲ. ರ‍್ಯಾಮ್ ತುಂಬಿದ ಮೇಲೆ ಉಳಿದದ್ದನ್ನು ಡಿಸ್ಕಿಗೆ ಬರೆದು ಓದುವುದೇ ಅದರ ಕೆಲಸವಾಗಿತ್ತು.

ಬೋರ್ಡಿನ ಪುಸ್ತಕ ತೆಗೆದು ನೋಡಿದೆ. ಸ್ಟಿಕ್ಕು ಕೂರಿಸಲು ಎರಡು ಸ್ಲಾಟು, ಹೆಚ್ಚೆಂದರೆ 8 ಜಿಬಿ. ಸರಿ, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ 4 ಜಿಬಿಯ ಎರಡು ಡಿಡಿಆರ್3 ಸ್ಟಿಕ್ಕು ತರಿಸಿದೆ. ಅವು 1333ರ ವೇಗದವು, ನನ್ನ ಬೋರ್ಡು 1066ಕ್ಕಿಂತ ಮೇಲೆ ಹೋಗುವುದಿಲ್ಲ. ಅದಕ್ಕೆ ಚಿಂತೆ ಬೇಡ, ವೇಗದ ಸ್ಟಿಕ್ಕು ನಿಧಾನದ ಬೋರ್ಡಿನಲ್ಲಿ ನಿಧಾನಕ್ಕೇ ಓಡುತ್ತದೆ.

ಹೊಸ ಸ್ಟಿಕ್ಕು ಟಕ್ಕೆಂದು ಕೂತವು. ಗುಂಡಿ ಒತ್ತಿದೆ. ಪರದೆ ಕಪ್ಪು, ಒಳಗಿನಿಂದ ಬೀಪ್, ಬೀಪ್, ಬೀಪ್. ಮೆಮೊರಿ ಸಿಗುತ್ತಿಲ್ಲ ಎಂದು ಬೋರ್ಡು ಅಳುವ ರೀತಿ ಅದು.

ಅಲ್ಲಿಂದ ಹತ್ತು ದಿನ ಹಾಳು. ಡಬ್ಬಿಯ ಒಳಗೆ ಕೆಂಪು ಮಣ್ಣಿನ ಧೂಳು ಫ್ಯಾನಿನ ಎಸಳಿಗೆ ಕಂಬಳಿಯಂತೆ ಅಂಟಿತ್ತು, ಅದನ್ನು ಬ್ರಷ್ಷಿನಿಂದ ತೆಗೆದೆ. ಮಗಳ ಕಂಪಾಸ್ ಪೆಟ್ಟಿಗೆಯ ರಬ್ಬರಿನಿಂದ ಸ್ಟಿಕ್ಕಿನ ಬಂಗಾರದ ಬಣ್ಣದ ಹಲ್ಲು ಉಜ್ಜಿದೆ. ಒಂದೇ ಸ್ಟಿಕ್ಕು ಹಾಕಿ ನೋಡಿದೆ, ಸ್ಲಾಟು ಬದಲಿಸಿದೆ, ಹಳೆಯದು ಒಂದು ಹೊಸದು ಒಂದು ಮಾಡಿದೆ. ಬೀಪ್. ಹಳೆಯವೆರಡನ್ನೇ ಹಾಕಿದರೆ ಏನೂ ಆಗಿಲ್ಲವೆನ್ನುವಂತೆ ವಿಂಡೋಸ್ ಏಳುತ್ತಿತ್ತು. ಪವರ್ ಸಪ್ಲೈ ಮೇಲೂ ಅನುಮಾನ ಪಟ್ಟೆ. ಪಾಪ, ಅದರದೇನೂ ತಪ್ಪಿರಲಿಲ್ಲ.

ಹನ್ನೊಂದನೇ ದಿನ ಪಕ್ಕದ ಮನೆಯ ಹುಡುಗನ ಎರಡನೇ ತಲೆಮಾರಿನ ಕೋರ್ ಐ3 ಯಂತ್ರಕ್ಕೆ ಅದೇ ಸ್ಟಿಕ್ಕು ಹಾಕಿದೆವು. ಒಂದೇ ಏಟಿಗೆ 8 ಜಿಬಿ ತೋರಿಸಿತು! ವರನೂ ಚಲೋ, ವಧುವೂ ಚಲೋ, ಜಾತಕ ಮಾತ್ರ ಕೂಡಿ ಬಂದಿರಲಿಲ್ಲ.

ಮರುದಿನ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ಕೊಪ್ಪಿಕರ್ ರಸ್ತೆಯ ಹತ್ತಿರ ಹಳೇ ಬಿಡಿಭಾಗ ಮಾರುವವರೊಬ್ಬರು ನನ್ನ ಸ್ಟಿಕ್ಕನ್ನು ಬೆಳಕಿಗೆ ಹಿಡಿದು ತಿರುವಿದರು. ಒಂದು ಮೈಯಲ್ಲಿ ಎಂಟು ಚಿಪ್ಪು, ಇನ್ನೊಂದು ಮೈ ಬೋಳು. ‘ಇದು ನಿಮ್ಮ ಬೋರ್ಡಿಗೆ ಹತ್ತೂದಿಲ್ರೀ ಸರ. ಎರಡೂ ಕಡೆ ಚಿಪ್ ಇರೋದ ಬೇಕು’ ಅಂದರು.

ಲೆಕ್ಕ ಸರಳ. ಒಂದು ಬೈಟಿಗೆ ಎಂಟು ಬಿಟ್, ಹಾಗಾಗಿ 4 ಜಿಬಿ ಅಂದರೆ 32 ಗಿಗಾಬಿಟ್. ಎಂಟು ಚಿಪ್ಪಿಗೆ ಹಂಚಿದರೆ ಒಂದೊಂದಕ್ಕೆ 4 ಗಿಗಾಬಿಟ್ ಬರುತ್ತದೆ. ಜಿ41ಕ್ಕೆ ಗೊತ್ತಿರುವುದು 2 ಗಿಗಾಬಿಟ್ ಚಿಪ್ಪಿನವರೆಗೆ ಮಾತ್ರ. ಹಾಗಾಗಿ 4 ಜಿಬಿಯ ಸ್ಟಿಕ್ಕೇ ಬೇಕೆಂದರೆ ಹದಿನಾರು ಚಿಪ್ಪಿರಬೇಕು. ನಾನು ತರಿಸಿದ್ದು ಎಷ್ಟೋ ಮುಂದಿನ ಕಾಲದ ಸರಕು. ಬೋರ್ಡಿನ ಪುಸ್ತಕ ‘8 ಜಿಬಿ’ ಎಂದಷ್ಟೇ ಹೇಳಿ ಸುಮ್ಮನಾಗಿತ್ತು.

ಹದಿನಾರು ಎಣಿಸಿದರೂ ಪೂರಾ ಸಾಲದು. ಅದೇ ಅಂಗಡಿಯ ಡಬ್ಬಿಯಲ್ಲಿ ಹದಿನಾರು ಚಿಪ್ಪಿನದೇ ಇನ್ನೊಂದು ಜಾತಿ ಇತ್ತು, ಮೇಲೆ ‘ಎಎಂಡಿಗೆ ಮಾತ್ರ’ (ಇಂಟೆಲ್ಲಿನ ಎದುರಾಳಿ ಕಂಪನಿ) ಎಂಬ ಚೀಟಿ. ಅದರಲ್ಲಿ ಪ್ರತಿ ಚಿಪ್ಪು ಎಂಟರ ಬದಲು ನಾಲ್ಕು ಬಿಟ್ ಅಗಲ, ಅಂದರೆ ಒಂದು ಸಲಕ್ಕೆ ನಾಲ್ಕೇ ಬಿಟ್ ಕೊಡುತ್ತದೆ, ಇಂಟೆಲ್ ಬೋರ್ಡಿಗೆ ಉಪಯೋಗವಿಲ್ಲ. ಚೀಟಿ ಕಿತ್ತುಹೋಗಿದ್ದರೆ ಚಿಪ್ಪಿನ ಮೇಲಿನ ಬರಹವೇ ಗತಿ. ಹೈನಿಕ್ಸ್ ಚಿಪ್ಪಾದರೆ ‘2ಜಿ83’ ಇರಬೇಕು, ‘2ಜಿ43’ ಅಲ್ಲ. ಸ್ಯಾಮ್‌ಸಂಗ್ ಆದರೆ ‘2ಜಿ08’ ಸರಿ, ‘2ಜಿ04’ ಬೇಡ. ಅಕ್ಷರ ಎಷ್ಟು ಸಣ್ಣವೆಂದರೆ ನಾನು ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿದೆ. ಅಂಗಡಿಯವರು ನಕ್ಕರು, ನಗಲಿ.

ಸರಿಯಾದ ಜೋಡಿ ತಂದು ಹಾಕಿದೆ. ಒಂದೇ ಸಣ್ಣ ಬೀಪ್, ಪರದೆ ಬೆಳಗಿತು. ಅಷ್ಟರಲ್ಲಿ ಹೊಸ ಕಾಟ: ಯಾವ ವೆಬ್‌ಸೈಟೂ ತೆರೆಯದೆ, ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಹೊಸ ರ‍್ಯಾಮನ್ನೇ ಬೈದೆ. ಆಮೇಲೆ ಕಣ್ಣು ಮೂಲೆಯ ಗಡಿಯಾರಕ್ಕೆ ಬಿತ್ತು. ತಾರೀಖು 2009! ಪ್ಲಗ್ ಕಿತ್ತಿಟ್ಟ ದಿನಗಳಲ್ಲಿ ಬೋರ್ಡಿನ ಗಡಿಯಾರ ಓಡಿಸುವ ಸಿಆರ್2032 ಸೆಲ್ಲು ಸತ್ತಿತ್ತು. ನಾಣ್ಯದಂಥ ಸೆಲ್ಲು ಬದಲಿಸಿ ತಾರೀಖು ತಿದ್ದಿದ ಮೇಲೆ ಎಲ್ಲ ಸರಿಹೋಯಿತು.

ಇಷ್ಟಾದರೂ ವಿಂಡೋಸ್ 7 ಹೇಳಿದ್ದು ಏನು? ಇರುವುದು 8 ಜಿಬಿ, ಬಳಸಬಹುದಾದದ್ದು 3 ಚಿಲ್ಲರೆ. ನನ್ನದು 32 ಬಿಟ್ಟಿನದು. ಅದರ ವಿಳಾಸಗಳ ಲೆಕ್ಕ 4 ಜಿಬಿಗೆ ಮುಗಿಯುತ್ತದೆ, ಅದರಲ್ಲೂ ಗ್ರಾಫಿಕ್ಸ್ ಮುಂತಾದವು ತಮ್ಮ ಪಾಲು ಮುರಿದುಕೊಳ್ಳುತ್ತವೆ. ನುಡಿಯ ಫೈಲುಗಳಿಗಾಗಿ ಅದನ್ನು ಹಾಗೇ ಬಿಟ್ಟು, ಪಕ್ಕದ ಪಾರ್ಟಿಷನ್ನಿನಲ್ಲಿ ವಿಂಡೋಸಿನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ 64 ಬಿಟ್ಟಿನ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಇಂಟರ್ನೆಟ್ಟಿನ ಕೆಲಸವೆಲ್ಲ ಈಗ ಅಲ್ಲೇ. ಅದಕ್ಕೆ ಮೊದಲು ಪೆನ್‌ಡ್ರೈವಿನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದ್ದೆ. ಮೊದಲ ಸಲ ನಡುವೆ ಕರೆಂಟು ಹೋಯಿತು, ಎರಡನೇ ಸಲ ದೋಷ ತೋರಿಸುವ ಒಂದೂ ಕೆಂಪು ಗೆರೆ ಬರಲಿಲ್ಲ.

ಆ ಎಂಟು ಚಿಪ್ಪಿನ ಜೋಡಿ ಹಿಂದಿರುಗಿಸುವ ಗಡುವು ನನ್ನ ಉಜ್ಜಾಟದಲ್ಲೇ ಮುಗಿದಿತ್ತು. ಪಕ್ಕದ ಮನೆಯ ಹುಡುಗನಿಗೆ ಅರ್ಧ ಬೆಲೆಗೆ ಕೊಟ್ಟೆ. ದುಡ್ಡು ಮುಂದಿನ ತಿಂಗಳು ಕೊಡ್ತೀನ್ರಿ ಕಾಕಾ ಅಂದಿದ್ದಾನೆ, ಇದು ಮೂರನೇ ತಿಂಗಳು.